ಮಂಡ್ಯ ಹಳೇ ಫೋಟೋ ಬಗ್ಗೆ ಗುಂಪಿನವರ ಗಮನಕ್ಕೆ

ಎಲ್ರಿಗೂ ನಮಸ್ಕಾರ. ನಮ್ಮ ಸಕ್ಕರೆ ನಾಡಿನ ಹಳೇ ಫೋಟೋ, ಕಾಗದಪತ್ರ ಯಾರ ಮನೇಲಿದ್ರೂ ದಯವಿಟ್ಟು ಈ ಗ್ರೂಪಿಗೆ ಹಾಕಿ. ಇಸವಿ, ಊರು, ಫೋಟೋದಲ್ಲಿ ಏನಿದೆ ಅಂತ ಒಂದು ಸಾಲು ಜೊತೆಗೆ ಬರೀರಿ, ಇಲ್ಲಾಂದ್ರೆ ಮುಂದೆ ಯಾರ್ಗೂ ಗೊತ್ತಾಗಲ್ಲ.

ಮುಖ್ಯವಾಗಿ ಬೇಕಾಗಿರೋದು ಮೈಶುಗರ್, ಅಂದ್ರೆ ಮಂಡ್ಯದ ಸಕ್ಕರೆ ಕಾರ್ಖಾನೆದು. 1933ರಲ್ಲಿ ಕಂಪನಿ ಶುರುವಾಯ್ತು, ಆಗ ಮಿರ್ಜಾ ಇಸ್ಮಾಯಿಲ್ ದಿವಾನ್ರು, ಅದಕ್ಕೆ ಬೆನ್ನೆಲುಬಾಗಿ ನಿಂತವ್ರು ಕೆನಡಾದಿಂದ ಬಂದಿದ್ದ ಲೆಸ್ಲಿ ಕೋಲ್ಮನ್, ಮೈಸೂರು ಸಂಸ್ಥಾನದ ಕೃಷಿ ಇಲಾಖೆ ಡೈರೆಕ್ಟರ್ ಆಗಿದ್ದವ್ರು, ಇವತ್ತಿನ ಹುಡುಗ್ರಿಗೆ ಅವ್ರ ಹೆಸರೇ ಗೊತ್ತಿಲ್ಲ ಅನ್ನೋದು ನಂಗೆ ತುಂಬಾ ಬೇಜಾರು. ನಾಲೆ ಬರೋಕ್ ಮುಂಚೆ ಇಲ್ಲಿ ಬಹಳಷ್ಟು ಕಡೆ ಮಳೆ ನಂಬ್ಕೊಂಡು ರಾಗಿ ಬೆಳೀತಿದ್ರು. ಕನ್ನಂಬಾಡಿ ಕಟ್ಟೆ ಆಗಿ, ಹುಲಿಕೆರೆ ಹತ್ರ ಗುಡ್ಡ ಕೊರ್ದು ಸುರಂಗ ಮಾಡಿ ನೀರು ಈ ಕಡೆ ತಂದ್ಮೇಲೆ ಕಬ್ಬು, ಭತ್ತ ಬಂತು, ಆಗ ಅದು ಇರ್ವಿನ್ ನಾಲೆ, ಈಗ ನಾವು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಂತೀವಲ್ಲ ಅದೇ. 1939ರಲ್ಲಿ ಮಂಡ್ಯ ಜಿಲ್ಲೆನೂ ಆಯ್ತು.

ಸುರಂಗದಲ್ಲಿ ಕೆಲ್ಸ ಮಾಡಿದವ್ರ ಮನೆಯವ್ರು ಈ ಗ್ರೂಪಲ್ಲಿದ್ರೆ ಖಂಡಿತ ಬರೀರಿ. ಇಂಜಿನಿಯರ್ ಹೆಸರು ಪುಸ್ತಕದಲ್ಲಿ ಸಿಗತ್ತೆ, ಕಲ್ಲು ಒಡೆದವ್ರದ್ದು ಸಿಗಲ್ಲ.

ಆಲೆಮನೆ ಫೋಟೋನೂ ಹಾಕಿ, ಗಾಣ, ಕೊಪ್ಪರಿಗೆ, ಬೆಲ್ಲದ ಅಚ್ಚು ಯಾವ್ದಾದ್ರೂ ಸರಿ. ಅಜ್ಜ ಅಜ್ಜಿ ಮಾತಾಡೋಕೆ ರೆಡಿ ಇದ್ರೆ ವಾಯ್ಸ್ ರೆಕಾರ್ಡ್ ಮಾಡ್ಕೊಳ್ಳಿ, ಆಮೇಲೆ ಮಾಡೋಣ ಅಂತ ಬಿಡ್ಬೇಡಿ. ಗುಡ್ ಮಾರ್ನಿಂಗ್ ಮೆಸೇಜು, ರಾಜಕೀಯ ಫಾರ್ವರ್ಡ್ ಮಾತ್ರ ಇಲ್ಲಿ ಬೇಡ.