ಸೀಟು ಕವರಿನಡಿ ಹುದುಗಿಹೋದ ಬೆಲ್ಟು

ಸಂಪಾದಕರಿಗೆ,

ಮಾನ್ಯರೇ,

ಹೆದ್ದಾರಿಯಲ್ಲಿ ನಡೆದ ಕಾರು ಅಪಘಾತಗಳ ಸುದ್ದಿಯಲ್ಲಿ ‘ಏರ್‌ಬ್ಯಾಗ್ ತೆರೆದುಕೊಂಡರೂ ಪ್ರಾಣ ಉಳಿಯಲಿಲ್ಲ’ ಎಂಬ ಮಾತನ್ನು ಕನ್ನಡ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇನೆ. ಮಾತು ಸುಳ್ಳಲ್ಲ, ಆದರೆ ಅರ್ಧಕ್ಕೇ ನಿಂತುಬಿಟ್ಟಿದೆ. ಒಳಗಿದ್ದವರು ಸೀಟ್ ಬೆಲ್ಟ್ ಹಾಕಿಕೊಂಡಿದ್ದರೇ ಇಲ್ಲವೇ ಎಂಬುದು ಅದರಲ್ಲಿ ಇರುವುದಿಲ್ಲ. ಓದಿದವರು ಏರ್‌ಬ್ಯಾಗ್ ಕೈಕೊಟ್ಟಿತೆಂದೋ, ಪಾಪ, ಅವರ ಆಯುಸ್ಸೇ ಅಷ್ಟಿತ್ತೆಂದೋ ಅಂದುಕೊಂಡು ಪುಟ ಮಗುಚುತ್ತಾರೆ. ಮುಂಬಯಿಯ ಭಾಂಡುಪಿನ ಕಡೆಯ ಒಂದು ಮೋಟಾರು ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಮೇಲ್ವಿಚಾರಕನಾಗಿ ದುಡಿದು ನಿವೃತ್ತನಾದವನಾದ್ದರಿಂದ ಆ ಬಿಟ್ಟುಹೋದ ಅರ್ಧದ ಬಗ್ಗೆ ಬರೆಯುತ್ತಿದ್ದೇನೆ.

ಕಳೆದ ಮೇ ತಿಂಗಳಲ್ಲಿ ಕುಂದಾಪುರದ ಕಡೆಯ ನಮ್ಮೂರಿನಲ್ಲಿದ್ದ ಮದುವೆಗೆ ಅಳಿಯಂದಿರ ಹೊಸ ಕಾರಿನಲ್ಲಿ ಹೊರಟಿದ್ದೆವು. ಬೆಳಗಿನ ಜಾವ ನಾಲ್ಕು ಗಂಟೆಗೆ ಡೊಂಬಿವಲಿಯ ನಮ್ಮ ಸೊಸೈಟಿಯ ಕಂಪೌಂಡಿನಲ್ಲಿ ಸಾಮಾನೆಲ್ಲ ತುಂಬಿ ಆದ ಮೇಲೆ ಹಿಂದಿನ ಸೀಟಿನಲ್ಲಿ ಕುಳಿತು ಬೆಲ್ಟ್ ಎಳೆದುಕೊಂಡೆ; ಸಿಕ್ಕಿಸಲು ಬಕಲ್ ಮಾತ್ರ ಎಲ್ಲಿಯೂ ಕೈಗೆ ಸಿಗಲಿಲ್ಲ. ಕಾರು ಮನೆಗೆ ಬಂದ ವಾರದಲ್ಲೇ ಸೀಟು ಕವರು ಹಾಕಿಸಲಾಗಿತ್ತು, ಹಾಕಿದ ಪುಣ್ಯಾತ್ಮ ಮೂರೂ ಬಕಲ್‌ಗಳನ್ನು ಒಳಗೆ ತಳ್ಳಿ ಮೇಲಿನಿಂದ ಬಿಗಿಯಾಗಿ ಎಳೆದು ಕಟ್ಟಿದ್ದ. ಮೊಬೈಲಿನ ಬೆಳಕಿನಲ್ಲಿ, ಹೆಂಡತಿಯ ಚೀಲದಲ್ಲಿದ್ದ ಸಣ್ಣ ಕತ್ತರಿಯಿಂದ ಕವರಿನ ಹೊಲಿಗೆ ಬಿಚ್ಚಿ ಅವನ್ನು ಹೊರತೆಗೆಯಲು ಇಪ್ಪತ್ತು ನಿಮಿಷ ಹಿಡಿಯಿತು. ನಡುವಿನದಕ್ಕೆ ಕಾರ್ಖಾನೆಯ ಪ್ಲಾಸ್ಟಿಕ್ ಚೀಲ ಇನ್ನೂ ಸುತ್ತಿಕೊಂಡೇ ಇತ್ತು. ಅಳಿಯಂದಿರು ಗಡಿಯಾರ ನೋಡುತ್ತ, ‘ಮಾವ, ಆರು ಏರ್‌ಬ್ಯಾಗ್ ಇರುವ ಕಾರು ಇದು, ಹಿಂದೆ ಕೂತವರಿಗೆ ಬೆಲ್ಟು ಯಾಕೆ?’ ಎಂದು ಕೇಳಿದರು.

ಓದಿದವರು, ಒಳ್ಳೆಯ ಕೆಲಸದಲ್ಲಿರುವವರು ಕೇಳಿದ ಪ್ರಶ್ನೆ ಇದು. ಆರು ಏರ್‌ಬ್ಯಾಗ್ ಎಂದರೆ ಸಾಮಾನ್ಯವಾಗಿ ಮುಂದೆ ಕುಳಿತ ಇಬ್ಬರ ಎದುರಿಗೆ ಎರಡು, ಮುಂದಿನ ಸೀಟುಗಳ ಹೊರಪಕ್ಕೆಯಲ್ಲಿ ಎರಡು, ಎರಡೂ ಕಡೆಯ ಕಿಟಕಿಗಳ ಮೇಲಿನಿಂದ ಪರದೆಯಂತೆ ಇಳಿಯುವ ಎರಡು. ಹಿಂದೆ ಕುಳಿತವರ ಎದೆಯ ಮುಂದೆ ಒಂದೂ ಇಲ್ಲ, ಅಲ್ಲಿರುವುದು ಮುಂದಿನ ಸೀಟಿನ ಬೆನ್ನು. ಸೀಟಿನ ಪಕ್ಕೆಯ ಏರ್‌ಬ್ಯಾಗ್ ಹೊಲಿಗೆಯನ್ನು ಹರಿದುಕೊಂಡು ಹೊರಬರಬೇಕು, ಅದನ್ನು ಮುಚ್ಚಬಾರದೆಂದು ನೆನಪಿಸಲು ಆ ಅಂಚಿನಲ್ಲಿ ‘ಏರ್‌ಬ್ಯಾಗ್’ ಎಂದು ಬರೆದ ಒಂದು ಸಣ್ಣ ಬಟ್ಟೆಯ ಚೀಟಿ ಇರುತ್ತದೆ. ಅಳಿಯಂದಿರ ಕಾರಿನಲ್ಲಿ ಆ ಚೀಟಿಯ ಮೇಲೂ ದಪ್ಪ ಕವರು ಕುಳಿತಿತ್ತು. ದುಡ್ಡು ಕೊಟ್ಟು ಕೊಂಡ ಆರರಲ್ಲಿ ಎರಡಕ್ಕೆ ಮತ್ತೆ ದುಡ್ಡು ಕೊಟ್ಟು ಬೀಗ ಹಾಕಿಸಿದಂತಾಗಿತ್ತು.

ಬೆಲ್ಟು ಮಾಡುವ ಕೆಲಸವೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ. ಗಂಟೆಗೆ 60 ಕಿ.ಮೀ. ವೇಗದ ಕಾರು ಗೋಡೆಗೆ ಬಡಿದಾಗ ಒಳಗಿನವರಿಗೆ ಬೀಳುವ ಹೊಡೆತ ಸುಮಾರು 14 ಮೀಟರ್ ಎತ್ತರದಿಂದ, ನಮ್ಮ ಕಟ್ಟಡಗಳ ಲೆಕ್ಕದಲ್ಲಿ ನಾಲ್ಕನೆಯ ಮಹಡಿಯಿಂದ, ಬಿದ್ದುದಕ್ಕೆ ಸಮ. 100 ಕಿ.ಮೀ. ವೇಗದಲ್ಲಾದರೆ ಆ ಎತ್ತರ 39 ಮೀಟರ್ ಆಗುತ್ತದೆ. ಈ ಹೊಡೆತವನ್ನು ತಿನ್ನಲೆಂದೇ ಇಂದಿನ ಕಾರುಗಳ ಮುಂಭಾಗವನ್ನು ಮಡಚಿಕೊಳ್ಳುವಂತೆ ಮಾಡಿರುತ್ತಾರೆ. ನಮ್ಮ ಹಳೆಯ ಪದ್ಮಿನಿ ಟ್ಯಾಕ್ಸಿಯ ತಗಡು ಎಷ್ಟು ಗಟ್ಟಿಯಿತ್ತು, ಈಗಿನದು ಬರೀ ಡಬ್ಬ ಎಂದು ನನ್ನ ವಯಸ್ಸಿನವರು ಹೇಳುವುದುಂಟು; ತಗಡು ನಜ್ಜುಗುಜ್ಜಾಗದಿದ್ದರೆ ಒಳಗಿನ ಎಲುಬು ಆಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ. ಆದರೆ ಮುಂಭಾಗ ಮಡಚಿಕೊಳ್ಳುವ ಆ ಕ್ಷಣದ ಲಾಭ ಸಿಗುವುದು ಕಾರಿನ ಒಡಲಿಗೆ ಕಟ್ಟಿಕೊಂಡವರಿಗೆ ಮಾತ್ರ. ಕಟ್ಟಿಕೊಳ್ಳದವನು ಕಾರು ನಿಂತ ಮೇಲೂ ಅದೇ 60 ಕಿ.ಮೀ. ವೇಗದಲ್ಲಿ ಮುಂದಕ್ಕೆ ಹೋಗುತ್ತಲೇ ಇರುತ್ತಾನೆ. ಹಿಂದಿನ ಸೀಟಿನವನಾದರೆ ಮುಂದೆ ಬೆಲ್ಟ್ ಹಾಕಿ ಕುಳಿತವರ ಬೆನ್ನಿಗೆ ತನ್ನಿಡೀ ಭಾರದೊಂದಿಗೆ ಅಪ್ಪಳಿಸುತ್ತಾನೆ.

ಎದೆಯ ಮೇಲೊಂದು, ಸೊಂಟದ ಮೇಲೊಂದು ಪಟ್ಟಿಯಾಗಿ ಮೂರು ಕಡೆ ಹಿಡಿಯುವ ಈ ಬೆಲ್ಟನ್ನು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು 1959ರಲ್ಲಿ. ಕಂಪನಿ ಆ ಪೇಟೆಂಟನ್ನು ಇತರ ತಯಾರಕರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. ಮುಂದೆ ಅದಕ್ಕೆ ಸೇರಿದ ಎರಡು ಉಪಾಯಗಳನ್ನು ನಾನು ಬಿಚ್ಚಿ ನೋಡಿದ್ದೇನೆ: ಡಿಕ್ಕಿಯಾದೊಡನೆ ಒಂದು ಸಣ್ಣ ಸಿಡಿಮದ್ದಿನ ಬಲದಿಂದ ಸಡಿಲವಾದ ಬೆಲ್ಟನ್ನು ಹಿಂದಕ್ಕೆಳೆದು ಬಿಗಿಮಾಡುವ ಪ್ರಿಟೆನ್ಷನರ್, ಆಮೇಲೆ ಪಕ್ಕೆಲುಬು ಮುರಿಯದಂತೆ ಅದೇ ಬೆಲ್ಟನ್ನು ಅಳತೆಯಾಗಿ ಸಡಿಲ ಬಿಡುವ ಲೋಡ್ ಲಿಮಿಟರ್. ಇವೆರಡೂ ಕೆಲಸ ಮಾಡಬೇಕಾದರೆ ಕೆಳಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಎಲುಬಿನ ಮೇಲೆ ಕೂತಿರಬೇಕು. ಗರ್ಭಿಣಿಯರಿಗಾದರೆ ಹೊಟ್ಟೆಯ ಕೆಳಗೆ. ಸೀರೆಯ ನೆರಿಗೆ ಕೆಡುತ್ತದೆಂದು ಬೆಲ್ಟನ್ನು ಕೈಯಲ್ಲಿ ಹಿಡಿದು ದೂರ ಇಟ್ಟುಕೊಳ್ಳುವವರು ನಮ್ಮ ಮನೆಯಲ್ಲೇ ಇದ್ದಾರೆ, ಅವರ ಬಗ್ಗೆ ಇಲ್ಲಿ ಹೆಚ್ಚು ಬರೆದರೆ ನನಗೆ ಊಟಕ್ಕೆ ತೊಂದರೆ. ಪುಣೆಯ ಎಕ್ಸ್‌ಪ್ರೆಸ್‌ವೇಯಲ್ಲಿ ಮುಂದಿನ ಸೀಟನ್ನು ಹಾಸಿಗೆಯಂತೆ ಹಿಂದಕ್ಕೊರಗಿಸಿ, ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ನಿದ್ದೆ ಹೋಗುವವರನ್ನು ನೋಡಿದಾಗ ಮಾತ್ರ ಸುಮ್ಮನಿರಲು ಆಗುವುದಿಲ್ಲ. ಹಾಗೆ ಮಲಗಿದವರ ದೇಹ ಬೆಲ್ಟಿನ ಕೆಳಗಿನಿಂದ ಜಾರಿಹೋಗುತ್ತದೆ, ಚಾಚಿದ ಕಾಲಿನ ಅಡಿಯಲ್ಲೇ ಏರ್‌ಬ್ಯಾಗ್ ಇರುತ್ತದೆ.

ಏರ್‌ಬ್ಯಾಗಿನ ಮುಚ್ಚಳದ ಮೇಲೆ ಎಸ್‌ಆರ್‌ಎಸ್ ಎಂಬ ಮೂರಕ್ಷರ ಕಾಣುತ್ತದಲ್ಲ, ಅದರ ಮೊದಲಕ್ಷರದ ಅರ್ಥವೇ ಪೂರಕ ಎಂದು. ಅನ್ನಕ್ಕೆ ಉಪ್ಪಿನಕಾಯಿ ಇದ್ದ ಹಾಗೆ ಬೆಲ್ಟಿಗೆ ಅದು; ಬರೀ ಉಪ್ಪಿನಕಾಯಿಯಲ್ಲಿ ಊಟವಾಗದು. ಡಿಕ್ಕಿಯ ಸುಳಿವು ಸಿಕ್ಕ ಮೇಲೆ ಸೆಕೆಂಡಿನ ನೂರರಲ್ಲಿ ಸುಮಾರು ಮೂರು ಪಾಲಿನಷ್ಟು ಹೊತ್ತಿನಲ್ಲಿ, ಕಣ್ಣು ರೆಪ್ಪೆ ಬಡಿಯುವುದರೊಳಗೆ, ಚೀಲ ತುಂಬಿ ನಿಲ್ಲುತ್ತದೆ, ಮರುಕ್ಷಣವೇ ಹಿಂಬದಿಯ ತೂತುಗಳಿಂದ ಗಾಳಿ ಬಿಡುತ್ತ ಮೆತ್ತಗಾಗುತ್ತದೆ. ತುಂಬಿ ನಿಂತ ಚೀಲದ ಮೇಲೆ ಒರಗಿದರೆ ಅದು ದಿಂಬು. ತುಂಬುತ್ತಿರುವಾಗಲೇ ಅದಕ್ಕೆ ಮುಖ ಕೊಟ್ಟರೆ ಅದು ಗುದ್ದು. ಬೆಲ್ಟ್ ಹಾಕದವನು ಬ್ರೇಕ್ ಒತ್ತಿದಾಗಲೇ ಮುಂದಕ್ಕೆ ಮುಗ್ಗರಿಸಿರುವುದರಿಂದ ಅವನಿಗೆ ಸಿಗುವುದು ಈ ಗುದ್ದು. ಸ್ಟಿಯರಿಂಗಿನ ನಡುಭಾಗಕ್ಕೂ ಎದೆಗೂ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ, ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿರಲಿ ಎಂದು ಹೇಳುವುದೂ ಇದೇ ಕಾರಣಕ್ಕೆ. ಎಡಗಡೆಯ ಡ್ಯಾಶ್‌ಬೋರ್ಡಿನಲ್ಲಿ ಅದೇ ಮುಚ್ಚಳದ ಮೇಲೆ ಅಂಟಿಸಿದ ಹಿತ್ತಾಳೆಯ ಗಣಪತಿಯನ್ನು ನಾನು ಎಷ್ಟೋ ಕಾರುಗಳಲ್ಲಿ ಕಂಡಿದ್ದೇನೆ. ಭಕ್ತಿಗೆ ನನ್ನ ಆಕ್ಷೇಪವಿಲ್ಲ. ವಿಘ್ನೇಶ್ವರನನ್ನು ಆ ಮುಚ್ಚಳದಿಂದ ಸ್ವಲ್ಪ ಬಲಕ್ಕೆ ಸರಿಸಿದರೆ ಅವನೂ ಕ್ಷೇಮ, ಎದುರು ಕುಳಿತವರೂ ಕ್ಷೇಮ.

ಮಕ್ಕಳ ವಿಷಯದಲ್ಲಿ ನಮ್ಮ ಜನರ ತಪ್ಪು ಪ್ರೀತಿಯಿಂದಲೇ ಆಗುತ್ತದೆ. ಆ ಬೆಳಿಗ್ಗೆ ನನ್ನ ಹೆಂಡತಿ ಎರಡು ವರ್ಷದ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದೆ ಕುಳಿತುಕೊಳ್ಳುವುದೆಂದು ತೀರ್ಮಾನವಾಗಿತ್ತು, ಮಗುವಿಗೆ ದಾರಿ ಕಾಣುತ್ತದೆ, ವಾಂತಿ ಬರುವುದಿಲ್ಲ ಎಂಬ ನೆಪದಲ್ಲಿ. ಹತ್ತು ಕಿಲೋ ತೂಕದ ಮಗು 50 ಕಿ.ಮೀ. ವೇಗದಿಂದ ಅರ್ಧ ಮೀಟರಿನೊಳಗೆ ನಿಲ್ಲಬೇಕಾಗಿ ಬಂದರೆ, ಅದನ್ನು ಹಿಡಿದ ಕೈಗೆ ಬೀಳುವ ಸೆಳೆತ ಸುಮಾರು 200 ಕಿಲೋ ಭಾರದಷ್ಟು; ಅಜ್ಜಿಯ ಕೈಯಿರಲಿ, ಕುಸ್ತಿಪಟುವಿನ ಕೈಯೂ ಅದನ್ನು ತಡೆಯದು. ಮೇಲಾಗಿ ಆ ಮಗು ತೆರೆದುಕೊಳ್ಳುವ ಚೀಲಕ್ಕೂ ದೊಡ್ಡವರ ಎದೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. 2024ರ ಕೊನೆಯಲ್ಲಿ ನವಿ ಮುಂಬಯಿಯಲ್ಲಿ ಮುಂದಿನ ಸೀಟಿನಲ್ಲಿದ್ದ ಮಗುವೊಂದು ಏರ್‌ಬ್ಯಾಗ್ ತೆರೆದುಕೊಂಡಾಗ ಪ್ರಾಣ ಕಳೆದುಕೊಂಡ ಸುದ್ದಿ ನಮ್ಮಲ್ಲಿ ಎಷ್ಟೋ ಜನರಿಗೆ ನೆನಪಿರಬಹುದು. ಸುಮಾರು ನಾಲ್ಕು ಮುಕ್ಕಾಲು ಅಡಿ ಎತ್ತರ ಬೆಳೆಯುವವರೆಗೂ ದೊಡ್ಡವರ ಬೆಲ್ಟು ಮಕ್ಕಳಿಗೆ ಸರಿಯಾಗಿ ಕೂರುವುದಿಲ್ಲ, ಕುತ್ತಿಗೆಯ ಮೇಲೆ ಹಾಯುತ್ತದೆ. ಆದ್ದರಿಂದ ಹಿಂದಿನ ಸೀಟಿನಲ್ಲಿ, ಕಾರಿನ ಒಡಲಿಗೇ ಜೋಡಿಸಿರುವ ಐಸೋಫಿಕ್ಸ್ ಎಂಬ ಕೊಂಡಿಗೆ ಸಿಕ್ಕಿಸುವ ಮಕ್ಕಳ ಸೀಟೇ ಬೇಕು; ಹಿಮ್ಮುಖವಾಗಿಡುವ ಶಿಶುಸೀಟನ್ನಂತೂ ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಎಂದೂ ಇಡಬಾರದು. ಆ ದಿನ ನಾವು ಹೊರಟದ್ದು ನಾಲ್ಕಕ್ಕಲ್ಲ, ಒಂಬತ್ತೂವರೆಗೆ, ಪಕ್ಕದ ವಿಂಗಿನ ಗುಜರಾತಿ ಕುಟುಂಬ ಎದ್ದ ಮೇಲೆ ಅವರ ಮಗುವಿನ ಸೀಟನ್ನು ಎರವಲು ಪಡೆದು. ಪನ್ವೇಲ್ ದಾಟುವವರೆಗೆ ಕಾರಿನಲ್ಲಿ ಯಾರೂ ನನ್ನೊಡನೆ ಮಾತನಾಡಲಿಲ್ಲ.

ಹಿಂದಿನ ಸೀಟಿನ ಬೆಲ್ಟಿನ ಮಾತು ನಮ್ಮ ಊರಿನವರ ಕಿವಿಗೆ ಮೊದಲು ಬಿದ್ದದ್ದು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಜಿಲ್ಲೆಯ ಚಾರೋಟಿ ಬಳಿ, ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಕಾರು ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ತೀರಿಕೊಂಡಾಗ. ಬೆಲೆಬಾಳುವ, ಏರ್‌ಬ್ಯಾಗುಗಳಿಗೆ ಕೊರತೆಯಿಲ್ಲದ ಕಾರು ಅದು. ಮುಂದಿದ್ದ ಇಬ್ಬರು ಗಾಯಗೊಂಡು ಬದುಕಿದರು, ಬೆಲ್ಟ್ ಹಾಕಿರದ ಹಿಂದಿನ ಇಬ್ಬರು ಉಳಿಯಲಿಲ್ಲ. ಆ ವರ್ಷದ ನವೆಂಬರ್ 1ರಿಂದ ಮುಂಬಯಿ ಸಂಚಾರ ಪೊಲೀಸರು ಕಾರಿನೊಳಗಿನ ಎಲ್ಲರಿಗೂ ಬೆಲ್ಟ್ ಕಡ್ಡಾಯವೆಂದರು. ಹೊಸದೇನೂ ಅಲ್ಲ, ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 194ಬಿ ಕಲಮಿನಲ್ಲಿ 1,000 ರೂಪಾಯಿ ದಂಡ ಮೊದಲೇ ಇತ್ತು. 14 ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೂ ಅಷ್ಟೇ ದಂಡ. ಮಳೆ ಬಿದ್ದಾಗ ಛತ್ರಿ ಬಿಚ್ಚಿದ ಹಾಗೆ ಕೆಲವು ವಾರ ಎಲ್ಲರೂ ಬೆಲ್ಟ್ ಎಳೆದುಕೊಂಡರು. ಬೆಲ್ಟ್ ಹಾಕದಿದ್ದಾಗ ಕಾರು ಮಾಡುವ ಬೀಪ್ ಸದ್ದನ್ನು ಅಡಗಿಸಲು ಬಕಲಿಗೆ ತುರುಕುವ ಬರೀ ತಗಡಿನ ಕ್ಲಿಪ್ಪುಗಳ ವ್ಯಾಪಾರ ಎಷ್ಟು ಬೆಳೆದಿತ್ತೆಂದರೆ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ಮೇ ತಿಂಗಳಲ್ಲಿ ಐದು ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಅವನ್ನು ತೆಗೆದುಹಾಕುವಂತೆ ಆದೇಶಿಸಬೇಕಾಯಿತು.

ಹಳೆಯ ಕಾರು ಕೊಳ್ಳುವವರಿಗೆ ಒಂದು ಮಾತು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ, ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದಿದ್ದರೆ ದೋಷವಿದೆ, ಹೊತ್ತುವುದೇ ಇಲ್ಲವಾದರೆ ಯಾರೋ ಬೇಕೆಂದೇ ದೀಪವನ್ನು ಕಿತ್ತಿದ್ದಾರೆಂದು ಅನುಮಾನಿಸಬೇಕು. ನಮ್ಮ ವರ್ಕ್‌ಶಾಪಿಗೆ ಬಂದ ಒಂದು ಕಾರಿನ ಸ್ಟಿಯರಿಂಗ್ ಮುಚ್ಚಳ ಬೆರಳಿಗೆ ತುಸು ಒರಟಾಗಿ ತಾಗಿತು. ಬಿಚ್ಚಿ ನೋಡಿದರೆ ಚೀಲ ಇದ್ದ ಜಾಗದಲ್ಲಿ ಏನೂ ಇರಲಿಲ್ಲ, ಒಡೆದ ಮುಚ್ಚಳವನ್ನು ಗಮ್ಮಿನಿಂದ ಅಂಟಿಸಿ ಬಣ್ಣ ಬಳಿದಿದ್ದರು. ಒಮ್ಮೆ ತೆರೆದ ಏರ್‌ಬ್ಯಾಗು, ಒಮ್ಮೆ ಸಿಡಿದ ಪ್ರಿಟೆನ್ಷನರ್ ಮತ್ತೆ ಉಪಯೋಗಕ್ಕೆ ಬರುವುದಿಲ್ಲ, ಹೊಸದನ್ನೇ ಹಾಕಿಸಬೇಕು. 2023ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಭಾರತ್ ಎನ್‌ಕ್ಯಾಪ್ ಕಾರುಗಳನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿ ಕೊಡುವ ಸುರಕ್ಷತೆಯ ನಕ್ಷತ್ರಗಳನ್ನು ಎಣಿಸಿ ಕಾರು ಕೊಳ್ಳುವುದು ಒಳ್ಳೆಯದೇ, ಆದರೆ ಮುಂಭಾಗದ ಆ ಪರೀಕ್ಷೆ ನಡೆಯುವುದು 64 ಕಿ.ಮೀ. ವೇಗದಲ್ಲಿ, ಬೆಲ್ಟ್ ಕಟ್ಟಿದ ಗೊಂಬೆಗಳ ಮೇಲೆ. ಬೆಲ್ಟ್ ಬಿಚ್ಚಿ 120ರಲ್ಲಿ ಹೋಗುವವರಿಗೆ ಆ ನಕ್ಷತ್ರ ಆಕಾಶದ್ದೇ. ಮಳೆಗಾಲದ ಘಾಟಿಯಲ್ಲಿ, ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಎಬಿಎಸ್ ಬ್ರೇಕು ಕಾಲಿನಡಿ ಟಕಟಕ ಎಂದಾಗ ಹೆದರಿ ಕಾಲೆತ್ತುವವರಿಗೂ ಇಷ್ಟು ಹೇಳಬೇಕು: ಅದು ಕೆಟ್ಟ ಸದ್ದಲ್ಲ, ಒತ್ತಿ ಹಿಡಿದೇ ಸ್ಟಿಯರಿಂಗ್ ತಿರುಗಿಸಿ.

ಈಗ ನನ್ನ ವಿನಂತಿ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಬೆಲ್ಟ್ ಧರಿಸದೆ ಸತ್ತವರು 16,715 ಮಂದಿ; ಅವರಲ್ಲಿ 8,384 ಚಾಲಕರು, 8,331 ಪ್ರಯಾಣಿಕರು. ಪೊಲೀಸರು ಅಪಘಾತಗಳಲ್ಲಿ ಇದನ್ನು ಬರೆದುಕೊಳ್ಳುತ್ತಾರೆ ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ. ಹಾಗಿರುವಾಗ ತಮ್ಮ ವರದಿಗಾರರು ಠಾಣೆಗೆ ಫೋನ್ ಮಾಡಿದಾಗ ಸತ್ತವರ ಹೆಸರು, ಊರು, ವಯಸ್ಸಿನ ಜೊತೆಗೆ ಯಾರು ಯಾವ ಸೀಟಿನಲ್ಲಿದ್ದರು, ಯಾರು ಬೆಲ್ಟ್ ಹಾಕಿದ್ದರು ಎಂದೂ ಕೇಳಿ ಒಂದು ಸಾಲು ಬರೆಯಬಹುದಲ್ಲವೇ? ದುಃಖದ ಮನೆಯವರಿಗೆ ಅದು ನೋವಾಗಬಹುದೆಂಬ ಸಂಕೋಚ ನನಗೂ ಅರ್ಥವಾಗುತ್ತದೆ, ಆದ್ದರಿಂದ ಟೀಕೆಯ ಧಾಟಿ ಬೇಡ, ‘ಮುಂದಿನ ಇಬ್ಬರು ಬೆಲ್ಟ್ ಧರಿಸಿದ್ದರು, ಹಿಂದಿನ ಮೂವರು ಧರಿಸಿರಲಿಲ್ಲ’ ಎಂಬಷ್ಟೇ ಸಾಕು. ಪೊಲೀಸರು ಹೇಳದಿದ್ದರೆ, ಹೇಳಲಿಲ್ಲ ಎಂದೇ ಬರೆಯಿರಿ. ಗಣೇಶ ಚೌತಿಗೆ ಊರಿಗೆ ಹೊರಡುವ ಕಾರುಗಳಿಗೆ ಇನ್ನು ಹೆಚ್ಚು ದಿನಗಳಿಲ್ಲ, ಅದಕ್ಕೆ ಮೊದಲೇ ಇದು ಆರಂಭವಾದರೆ ಉಪಕಾರವಾದೀತು.

ಇತಿ,
ನಿವೃತ್ತ ವರ್ಕ್‌ಶಾಪ್ ಮೇಲ್ವಿಚಾರಕ,
ಡೊಂಬಿವಲಿ ಪೂರ್ವ