ಹಾಡು ಮುಂದೆ, ಬಾಣ ಹಿಂದೆ: ಸಿಡಿ ಡ್ರೈವ್ ಎಮ್ಯುಲೇಟರ್ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ,
ಬೆಂಗಳೂರು

ಇಂದ,
(ಹೆಸರು ಮತ್ತು ಪೂರ್ಣ ವಿಳಾಸ ನಿಮ್ಮ ಇನ್‌ವಾಯ್ಸಿನಲ್ಲಿ ಇರುವಂತೆ)
ಕವಾಗುಚಿ, ಸೈತಾಮ, ಜಪಾನ್

ವಿಷಯ: ಕೊನಾಮಿ ಸಿಸ್ಟಮ್ 573 ಆರ್ಕೇಡ್ ಬೋರ್ಡಿಗೆ "ಪೂರ್ಣ ಹೊಂದಾಣಿಕೆ" ಇದೆ ಎಂದು ಮಾರಿದ ಮೆಮೊರಿ ಕಾರ್ಡ್ ಸಿಡಿ ಡ್ರೈವ್ ಎಮ್ಯುಲೇಟರಿನ ದೋಷ ಮತ್ತು ಹಣ ಮರುಪಾವತಿ

ಮಾನ್ಯರೇ,

ಹಳೆಯ ಆರ್ಕೇಡ್ ಯಂತ್ರದ ಸಿಡಿ ಡ್ರೈವಿನ ಬದಲಿಗೆ ಕೂರಿಸಲು ನಿಮ್ಮಿಂದ ಕೊಂಡ ಎಮ್ಯುಲೇಟರಿನ ಬಗ್ಗೆ ಇದಕ್ಕೆ ಮೊದಲು ನಿಮಗೆ ಮೂರು ಇಮೇಲ್ ಬರೆದಿದ್ದೇನೆ, ಮೂರೂ ಇಂಗ್ಲಿಷಿನಲ್ಲಿ. ಮೂರಕ್ಕೂ ಒಂದೇ ಉತ್ತರ ಬಂತು: ಕಾರ್ಡನ್ನು ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿ, ಬೇರೆ ಕಾರ್ಡ್ ಹಾಕಿ ನೋಡಿ. ನಾಲ್ಕನೆಯದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಫೋನಿನಲ್ಲಿ ಸಿಕ್ಕ ನಿಮ್ಮ ಸಿಬ್ಬಂದಿ ಕನ್ನಡದವರು, ಈ ಸಾಧನವನ್ನು ವಿನ್ಯಾಸ ಮಾಡಿದವರೂ ಕನ್ನಡದವರೇ ಎಂದು ಅವರೇ ಹೇಳಿದರು. ದಯವಿಟ್ಟು ಈ ಪತ್ರವನ್ನು ಆ ವಿನ್ಯಾಸಕಾರರ ಕೈಗೇ ಕೊಡಿ. ಇದರಲ್ಲಿರುವುದು ಕಾರ್ಡ್ ಫಾರ್ಮ್ಯಾಟಿನ ಸಮಸ್ಯೆಯಲ್ಲ ಎಂಬುದು ಅವರಿಗೆ ಎರಡು ಪುಟ ಓದುವಷ್ಟರಲ್ಲಿ ತಿಳಿಯುತ್ತದೆ.

ನಮ್ಮ ಯಂತ್ರದ ಬಗ್ಗೆ ಮೊದಲು ಹೇಳಬೇಕು. 1998ರಲ್ಲಿ ಜಪಾನಿನ ಗೇಮ್ ಸೆಂಟರುಗಳಿಗೆ ಬಂದ ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್‌ನ ಮೊದಲ ಆವೃತ್ತಿ ಅದು. ಪರದೆಯ ಮೇಲೆ ಏರುವ ಬಾಣಗಳನ್ನು ನೋಡಿ, ಹಾಡಿನ ತಾಳಕ್ಕೆ ಸರಿಯಾಗಿ ಕಾಲಡಿಯ ಪೆಡಲುಗಳನ್ನು ತುಳಿದು ಕುಣಿಯುವ ಆಟ. ಇಲ್ಲಿಗೆ ಹತ್ತಿರದ ಒಂದು ಗೇಮ್ ಸೆಂಟರ್ ಮುಚ್ಚಿದಾಗ ಅದು ಗುಜರಿಗೆ ಹೋಗುವುದರಲ್ಲಿತ್ತು. ನಾವು ನಾಲ್ವರು ಸ್ನೇಹಿತರು ಹಣ ಸೇರಿಸಿ ಕೊಂಡೆವು. ಒಂದು ಸಣ್ಣ ಗೋದಾಮು ಬಾಡಿಗೆಗೆ ಹಿಡಿದು, ತಿಂಗಳಿಗೆ ಎರಡು ಭಾನುವಾರ ಬಾಗಿಲು ತೆರೆಯುತ್ತೇವೆ. ಯಾರು ಬೇಕಾದರೂ ಬಂದು ಆಡಬಹುದು. ದುಡ್ಡು ತೆಗೆದುಕೊಳ್ಳುವುದಿಲ್ಲ, 100 ಯೆನ್ ನಾಣ್ಯ ಹಾಕುವ ಕಿಂಡಿಗೆ ತಗಡು ಬಡಿದಿದ್ದೇವೆ. ಮೂಲ ಸಿಡಿ, ಆಟ ಅಸಲಿ ಎಂದು ಯಂತ್ರಕ್ಕೆ ಖಚಿತಪಡಿಸುವ ಅದರ ಸೆಕ್ಯುರಿಟಿ ಕಾರ್ಟ್ರಿಡ್ಜ್ ಎರಡೂ ಯಂತ್ರದ ಜೊತೆಗೇ ಬಂದವು. ಕಾರ್ಡಿನಲ್ಲಿ ನಾವು ಹಾಕಿದ್ದು ಅದೇ ಸಿಡಿಯಿಂದ ನಾವೇ ತೆಗೆದ ಪ್ರತಿ.

ಆ ಯಂತ್ರದ ಹೊಟ್ಟೆಯಲ್ಲಿರುವುದು ಜಪಾನಿನ ಆಟದ ಕಂಪನಿ ಕೊನಾಮಿಯ ಸಿಸ್ಟಮ್ 573 ಎಂಬ ಬೋರ್ಡು. ಜಪಾನಿ ಭಾಷೆಯಲ್ಲಿ ಐದು, ಏಳು, ಮೂರು ಅಂಕೆಗಳನ್ನು ಕೋ, ನಾ, ಮಿ ಎಂದು ಓದಬಹುದು, ಹೆಸರು ಹಾಗೆ ಬಂದದ್ದು. ಒಳಗೆ ಮೊದಲ ಪ್ಲೇಸ್ಟೇಷನ್ನಿನದೇ ಬಳಗದ ಪ್ರೊಸೆಸರ್. ಆಟದ ಪ್ರೋಗ್ರಾಂ ಒಮ್ಮೆ ಸಿಡಿಯಿಂದ ಬೋರ್ಡಿನ 16 ಎಂಬಿ ಫ್ಲ್ಯಾಶ್ ಮೆಮೊರಿಗೆ ಇಳಿದರೆ ಮುಗಿಯಿತು. ಆದರೆ ಹಾಡುಗಳು ಇಳಿಯುವುದಿಲ್ಲ. ಮಾಮೂಲು ಆಡಿಯೋ ಸಿಡಿಯಲ್ಲಿ ಇರುವಂತೆಯೇ ಅವು ಟ್ರ್ಯಾಕುಗಳಾಗಿ ಸಿಡಿಯಲ್ಲೇ ಉಳಿಯುತ್ತವೆ. ಬೋರ್ಡು "ಇಂಥ ಟ್ರ್ಯಾಕ್ ನುಡಿಸು" ಎಂದು ಆಜ್ಞೆ ಕೊಡುತ್ತದೆ, ಡ್ರೈವ್ ನುಡಿಸುತ್ತದೆ, ಧ್ವನಿ ನಾಲ್ಕು ಪಿನ್ನಿನ ತೆಳು ವೈರಿನಲ್ಲಿ ಹರಿದು ಬರುತ್ತದೆ. ಬೋರ್ಡು ಆ ಹೊತ್ತಿನಲ್ಲಿ ಪರದೆಯ ಮೇಲೆ ಬಾಣಗಳನ್ನು ಏರಿಸುತ್ತಿರುತ್ತದೆ. ನಂತರದ ಆವೃತ್ತಿಗಳಲ್ಲಿ ಇನ್ನೊಂದು ಬೋರ್ಡ್ ಸೇರಿಸಿ, ಹಾಡನ್ನು ಎಂಪಿ3 ರೂಪದಲ್ಲಿ ಅದರ ಮೆಮೊರಿಗೆ ತುಂಬಿ ನುಡಿಸುವ ವ್ಯವಸ್ಥೆ ಬಂತು. ಅಂಥ ಯಂತ್ರಗಳಲ್ಲಿ ನಿಮ್ಮ ಸಾಧನ ಚೆನ್ನಾಗಿಯೇ ನಡೆಯಬಹುದು. ನಮ್ಮದು ಅಂಥದ್ದಲ್ಲ. ನಮ್ಮದರಲ್ಲಿ ಡ್ರೈವೇ ವಾದ್ಯ.

ಆ ಡ್ರೈವ್ ಮುದಿಯಾಗಿತ್ತು. ದಿನವಿಡೀ ತಿರುಗಿ ತಿರುಗಿ ಮೋಟಾರ್ ಸವೆದಿತ್ತು, ಲೇಸರ್ ಮಂಕಾಗಿತ್ತು, ಹಾಡಿನ ನಡುವೆ ತೊದಲುತ್ತಿತ್ತು. 40 ಪಿನ್ನಿನ ಹಳೆಯ ಡ್ರೈವುಗಳನ್ನು ಹುಡುಕಿ ನಾಲ್ಕು ತಂದೆವು. ಈ ಬೋರ್ಡು ಕಂಡ ಕಂಡ ಡ್ರೈವನ್ನೆಲ್ಲ ಒಪ್ಪುವುದಿಲ್ಲ, ಎರಡನ್ನು ಗುರುತಿಸಲೇ ಇಲ್ಲ. ಉಳಿದೆರಡರಲ್ಲಿ ಒಂದು ಮೂರು ತಿಂಗಳು ಬಾಳಿತು. ಹೊಸದಾಗಿ ಇವನ್ನು ಯಾರೂ ತಯಾರಿಸುತ್ತಿಲ್ಲ. ತಿರುಗುವ ಭಾಗಗಳಿಲ್ಲದ, ಸಿಡಿಯ ಪ್ರತಿಯನ್ನು ಮೆಮೊರಿ ಕಾರ್ಡಿನಿಂದ ಓದಿ ಡ್ರೈವಿನಂತೆಯೇ ಉತ್ತರ ಕೊಡುವ ಸಾಧನ ಬೇಕೇ ಬೇಕು ಎಂದು ನಾವು ತೀರ್ಮಾನಿಸಿದ್ದು ಹಾಗೆ. ಈ ದಾರಿಯ ಬಗ್ಗೆ ನನಗೆ ಈಗಲೂ ಪೂರ್ತಿ ನಂಬಿಕೆಯಿದೆ. ಹಳೆಯ ಆರ್ಕೇಡ್ ಯಂತ್ರಗಳು ಮುಂದಿನ ಇಪ್ಪತ್ತು ವರ್ಷ ಜೀವ ಹಿಡಿದಿರಬೇಕಾದರೆ ಬೇರೆ ದಾರಿ ನನಗೆ ಕಾಣುತ್ತಿಲ್ಲ. ಮಾರುಕಟ್ಟೆಯಲ್ಲಿ ಬೇರೆ ಸಾಧನಗಳೂ ಇದ್ದವು. ನಿಮ್ಮದು ಬೆಂಗಳೂರಿನಲ್ಲಿ ತಯಾರಾದದ್ದು ಎಂದು ತಿಳಿದ ಮೇಲೆ ನಾನು ಉಳಿದ ಮೂವರನ್ನು ಒಪ್ಪಿಸಿ ಅದನ್ನೇ ತರಿಸಿದೆ. ಸಾಧನಕ್ಕೆ ₹14,500, ಕೊರಿಯರಿಗೆ ₹3,200 ಕೊಟ್ಟಿದ್ದೇವೆ.

ಸಾಧನ ಬಂದ ದಿನ ಎಲ್ಲವೂ ಸರಿಯಿದ್ದಂತೆ ಕಂಡಿತು. ಬೋರ್ಡು ಅದನ್ನು ಗುರುತಿಸಿತು, ಪ್ರೋಗ್ರಾಂ ತಡೆಯಿಲ್ಲದೆ ಫ್ಲ್ಯಾಶಿಗೆ ಇಳಿಯಿತು, ಆಟದ ಹೆಸರು ಪರದೆಯ ಮೇಲೆ ಬಂತು. ನಿಮ್ಮ ಜಾಹೀರಾತಿನ ವಿಡಿಯೋ ಕೂಡ ಅಲ್ಲಿಗೇ ನಿಲ್ಲುತ್ತದೆ. ಅದರಲ್ಲಿ ಯಾರೂ ಒಂದು ಹಾಡನ್ನು ಮೊದಲಿಂದ ಕೊನೆಯವರೆಗೆ ಆಡಿಲ್ಲ.

ನಾವು ಆಡಿದೆವು. ಹಾಡಿನ ಆರಂಭದಲ್ಲಿ ಹೆಜ್ಜೆ ಹೆಚ್ಚುಕಡಿಮೆ ಕೂಡುತ್ತದೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ಏನೋ ಎಡವಟ್ಟು ಅನ್ನಿಸುತ್ತದೆ. ಕೊನೆಗೆ ಬರುವ ಹೊತ್ತಿಗೆ ಹಾಡು ಮುಂದೆ ಓಡಿರುತ್ತದೆ, ಬಾಣಗಳು ಹಿಂದೆ ಉಳಿದಿರುತ್ತವೆ. ಕಿವಿ ಕೇಳಿ ತುಳಿದರೆ ಯಂತ್ರ ತಪ್ಪು ಎನ್ನುತ್ತದೆ, ಕಣ್ಣು ನೋಡಿ ತುಳಿದರೆ ಅದು ಕುಣಿತವೇ ಅಲ್ಲ.

ನಾನು ಇಲ್ಲಿ ಎಲೆಕ್ಟ್ರಾನಿಕ್ಸ್ ಕೆಲಸದಲ್ಲೇ ಇದ್ದೇನೆ, ಹಾಗಾಗಿ ಅಳೆದು ನೋಡಿದೆ. 1,000 ಹರ್ಟ್ಸಿನ ಒಂದೇ ನಾದವಿರುವ ಆಡಿಯೋ ಟ್ರ್ಯಾಕ್ ತಯಾರಿಸಿ, ಒಂದು ಸಿಡಿಯಲ್ಲಿ ಬರೆದು ಹಳೆಯ ಡ್ರೈವಿನಲ್ಲಿ ನುಡಿಸಿದೆ. ಫ್ರೀಕ್ವೆನ್ಸಿ ಕೌಂಟರ್ 1,000.0 ತೋರಿಸಿತು. ಅದೇ ಟ್ರ್ಯಾಕನ್ನು ಕಾರ್ಡಿಗೆ ಹಾಕಿ ನಿಮ್ಮ ಸಾಧನದಲ್ಲಿ ನುಡಿಸಿದೆ. 1,002.6 ತೋರಿಸಿತು. ಮೂರು ಬೇರೆ ಬೇರೆ ಕಾರ್ಡುಗಳಲ್ಲಿ, ಮೂರು ಬೇರೆ ದಿನಗಳಲ್ಲಿ ಅದೇ ಅಂಕಿ. ಕಾರ್ಡಿನ ದೋಷವಾಗಿದ್ದರೆ ಧ್ವನಿ ಕಡಿದು ಕಡಿದು ಬರಬೇಕಿತ್ತು, ಹೀಗೆ ಒಂದೇ ಸಮನೆ ವೇಗವಾಗಿ ಓಡುತ್ತಿರಲಿಲ್ಲ.

ಆಡಿಯೋ ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್ (ಧ್ವನಿಯ ಅಳತೆಯ ಬಿಂದು) ಎಂಬುದು ನಿಮಗೆ ಹೇಳಬೇಕಾದ ಮಾತಲ್ಲ. ನಿಮ್ಮ ಸಾಧನ ಸುಮಾರು 44,215 ನುಡಿಸುತ್ತಿದೆ. ಈ ಸಂಖ್ಯೆ ಎಲ್ಲಿಂದ ಬಂದಿರಬಹುದು ಎಂದು ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. ನಿಮ್ಮ ಸಾಧನದೊಳಗಿನ ಪುಟ್ಟ ಪ್ರೊಸೆಸರ್, ಅಂದರೆ ಮೈಕ್ರೋಕಂಟ್ರೋಲರ್, 133 ಮೆಗಾಹರ್ಟ್ಸಿನಲ್ಲಿ ಓಡುತ್ತದೆ ಎಂದು ಕೈಪಿಡಿಯಲ್ಲಿದೆ. ಒಂದು ಸ್ಯಾಂಪಲ್ಲಿಗೆ 64 ಗಡಿಯಾರ ಮಿಡಿತ, ಅದಕ್ಕೆ 47ರ ಭಾಜಕ, ಒಟ್ಟು 3,008. ಅದರಿಂದ 133 ಮೆಗಾಹರ್ಟ್ಸನ್ನು ಭಾಗಿಸಿದರೆ 44,215 ಬರುತ್ತದೆ. ಇದು ನನ್ನ ಊಹೆ, ಆದರೆ ಅಳತೆಗೆ ಇಷ್ಟು ಕರಾರುವಾಕ್ಕಾಗಿ ಕೂಡುವ ಊಹೆ. 47 ಹತ್ತಿರದ ಪೂರ್ಣಾಂಕವಾದ್ದರಿಂದ ಸಾಕು ಎಂದುಕೊಂಡಿರಬೇಕು.

ವ್ಯತ್ಯಾಸ ಶೇ. 0.26. ಶ್ರುತಿಯಲ್ಲಿ ಅಷ್ಟು ಏರಿದರೆ ಹೆಚ್ಚಿನವರ ಕಿವಿಗೆ ತಿಳಿಯುವುದೇ ಇಲ್ಲ. ಆದರೆ ಒಂದೂವರೆ ನಿಮಿಷದ ಹಾಡಿನ ಕೊನೆಗೆ ಅದು ಸುಮಾರು 235 ಮಿಲಿಸೆಕೆಂಡ್ ಆಗುತ್ತದೆ. ನಿಮಿಷಕ್ಕೆ 150 ಬಡಿತದ ಹಾಡಿನಲ್ಲಿ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಇರುವುದೇ 400 ಮಿಲಿಸೆಕೆಂಡ್. ಅಂದರೆ ಅರ್ಧ ಬಡಿತಕ್ಕಿಂತ ಹೆಚ್ಚು ದೂರ ಹಾಡು ಜಾರಿರುತ್ತದೆ. ಪರದೆಯ ಒಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ಇರುತ್ತದೆ, ಅಂಥ ಹದಿನಾಲ್ಕು ಚಿತ್ರಗಳಷ್ಟು ದೂರ.

ನನಗೆ ಹೆಚ್ಚು ನೋವಾದದ್ದು ಇಲ್ಲಿ: 573 ಬೋರ್ಡಿನ ಪ್ರೊಸೆಸರ್ 33.8688 ಮೆಗಾಹರ್ಟ್ಸಿನಲ್ಲಿ ಓಡುತ್ತದೆ. 44,100ನ್ನು 768ರಿಂದ ಗುಣಿಸಿ ನೋಡಿ, ಚಾಚೂ ತಪ್ಪದೆ ಅದೇ ಬರುತ್ತದೆ. ಸಿಡಿಯ ಲಯವನ್ನೇ ಮೂಲ ಅಳತೆಯಾಗಿ ಇಟ್ಟುಕೊಂಡು ಕಟ್ಟಿದ ಯಂತ್ರ ಅದು. ಅಂಥದ್ದರ ಪಕ್ಕದಲ್ಲಿ ಕೂರುವ ಸಾಧನಕ್ಕೆ "ಹತ್ತಿರದ ಪೂರ್ಣಾಂಕ" ಸಾಲದು. ಗಡಿಯಾರದ ಮಿಡಿತ ಕೊಡುವ 22.5792 ಮೆಗಾಹರ್ಟ್ಸಿನ ಆಸಿಲೇಟರ್ ಒಂದನ್ನು ನಿಮ್ಮ ಬೋರ್ಡಿಗೆ ಬೆಸೆದರೆ 512ರಿಂದ ಭಾಗಿಸಿ 44,100 ನೇರವಾಗಿ ಸಿಗುತ್ತದೆ. ಸಿಡಿ ಪ್ಲೇಯರುಗಳ ಕಾಲದಿಂದ ಎಲ್ಲ ಕಡೆ ಬಳಕೆಯಲ್ಲಿರುವ ಭಾಗ ಅದು.

ಇನ್ನೊಂದು ದೋಷವೂ ಇದೆ. ನುಡಿಸು ಎಂಬ ಆಜ್ಞೆ ಬಂದ ಕೂಡಲೇ ಸಾಧನ "ನುಡಿಸುತ್ತಿದ್ದೇನೆ" ಎಂದು ಉತ್ತರಿಸುತ್ತದೆ, ಆದರೆ ಧ್ವನಿ ಹೊರಬರುವುದು 40ರಿಂದ 130 ಮಿಲಿಸೆಕೆಂಡ್ ತಡವಾಗಿ, ಪ್ರತಿ ಸಲವೂ ಬೇರೆ ಬೇರೆ. ಮೊದಲು ಗಡಿಯಾರ ಸರಿಹೋದರೆ ಇದನ್ನು ಸಾಧನದೊಳಗಿನ ಪ್ರೋಗ್ರಾಂ, ಅಂದರೆ ಫರ್ಮ್‌ವೇರಿನಲ್ಲೇ ತಿದ್ದಬಹುದು.

ಈ ಅಳತೆಗಳನ್ನೆಲ್ಲ ಎರಡನೆಯ ಇಮೇಲಿನಲ್ಲೇ ಲಗತ್ತಿಸಿದ್ದೆ. ಯಾರೂ ತೆರೆದು ನೋಡಿದಂತಿಲ್ಲ. ಆಮೇಲೆ ಫೋನ್ ಮಾಡಿದಾಗ ಮೊದಲು ಹೇಳಿದ್ದು, ಬಾಣಕ್ಕೂ ಹಾಡಿಗೂ ನಡುವೆ ಸ್ಥಿರವಾದ ಅಂತರ, ಅಂದರೆ ಆಫ್‌ಸೆಟ್ ಕೊಟ್ಟು ಹೊಂದಿಸಿಕೊಳ್ಳಿ ಎಂದು. ಕ್ಷಣ ಕ್ಷಣಕ್ಕೂ ಬೆಳೆಯುತ್ತಾ ಹೋಗುವ ಅಂತರವನ್ನು ಸ್ಥಿರವಾದ ಒಂದು ಸಂಖ್ಯೆಯಿಂದ ಮುಚ್ಚುವುದು ಹೇಗೆ? ಆಮೇಲೆ ಹೇಳಿದ್ದು, "ಸರ್, ಕಾಲು ಸೆಕೆಂಡ್ ಯಾರಿಗೆ ಗೊತ್ತಾಗುತ್ತೆ?"

ನಾನು ಕುಂದಾಪುರದ ಕಡೆಯವನು. ಗದ್ದೆಯಲ್ಲಿ ಹಾಕಿದ ರಂಗಸ್ಥಳದ ಎದುರು ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡಿ ಬೆಳೆದವನು. ಮದ್ದಳೆಯ ಪೆಟ್ಟು ಬಿದ್ದು ಕಾಲು ಸೆಕೆಂಡಿನ ಮೇಲೆ ವೇಷಧಾರಿಯ ಗೆಜ್ಜೆ ನೆಲಕ್ಕೆ ಬಿದ್ದರೆ, ಹಿಂದುಗಡೆ ಚಾಪೆ ಹಾಸಿ ಅರೆನಿದ್ದೆಯಲ್ಲಿ ಕೂತ ಅಜ್ಜಿಯೂ ತಲೆಯೆತ್ತಿ ನೋಡುತ್ತಿದ್ದರು. ಈ ಯಂತ್ರವನ್ನು ನಾನು ಪ್ರೀತಿಸಲು ಕಾರಣವೂ ಅದೇ: ಇಲ್ಲಿ ಕೂಡ ತಾಳಕ್ಕೆ ಹೆಜ್ಜೆ ಕೂಡಬೇಕು. ಕಾಲು ಸೆಕೆಂಡ್ ಎಲ್ಲರಿಗೂ ಗೊತ್ತಾಗುತ್ತದೆ.

ಮೇ ತಿಂಗಳ ಎರಡನೆಯ ಭಾನುವಾರ ಆ ಗೇಮ್ ಸೆಂಟರಿನ ಹಳೆಯ ಮಾಲೀಕರನ್ನು ಕರೆದಿದ್ದೆವು. ಎಪ್ಪತ್ತು ದಾಟಿದವರು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಯಂತ್ರವನ್ನು ತಾವೇ ಒರೆಸಿ, ಲೆನ್ಸನ್ನು ಹತ್ತಿಯಲ್ಲಿ ಶುಚಿ ಮಾಡಿ, ಪೆಡಲಿನ ಸೆನ್ಸರುಗಳನ್ನು ಬದಲಾಯಿಸಿ ಇಟ್ಟುಕೊಂಡವರು. ಇನ್ನು ಡ್ರೈವಿನ ಚಿಂತೆಯಿಲ್ಲ ಎಂದು ಅವರಿಗೆ ತೋರಿಸಬೇಕೆಂಬ ಆಸೆ ನನ್ನದು. ಅವರು ತಾವು ಆಡಲಿಲ್ಲ, ಪಕ್ಕದಲ್ಲಿ ನಿಂತು ಕೈಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಾ ನೋಡಿದರು. ಎರಡನೆಯ ಹಾಡು ಮುಗಿಯುವ ಮೊದಲೇ ಬೆರಳು ನಿಂತಿತು. "ಹಳೆಯ ಡ್ರೈವ್ ಇದೆಯಾ? ಅದನ್ನೇ ಹಾಕಿಬಿಡಿ" ಎಂದರು. ನನ್ನ ಮುಖ ನೋಡಿ ಬೇಸರ ಮಾಡಿಕೊಳ್ಳಬೇಡಿ ಎಂದೂ ಹೇಳಿದರು. ಆವತ್ತು ಮಧ್ಯಾಹ್ನ ತೊದಲುವ ಡ್ರೈವನ್ನೇ ಮತ್ತೆ ಕೂರಿಸಿದೆ. ಅದು ಈಗ ಎಷ್ಟು ದಿನ ಉಳಿದೀತೋ ಗೊತ್ತಿಲ್ಲ, ನಾವು ಬಾಗಿಲು ತೆರೆಯುವುದನ್ನು ತಿಂಗಳಿಗೆ ಒಂದು ಭಾನುವಾರಕ್ಕೆ ಇಳಿಸಿದ್ದೇವೆ.

ಹಣ ವಾಪಸ್ ಕೇಳಿದ್ದಕ್ಕೆ ನೀವು ಕೊಟ್ಟ ಕಾರಣ ಎರಡು. ಒಂದು, ಸಾಧನದ ಮೇಲ್ಮುಚ್ಚಳ ತೆರೆದಿರುವುದರಿಂದ ವಾರಂಟಿ ಹೋಯಿತು ಎಂಬುದು. ಸಾಧನವನ್ನು ಮುಖ್ಯ ಡ್ರೈವ್ ಎಂದು ಹೊಂದಿಸುವ ಪುಟ್ಟ ಕೊಂಡಿ, ಮಾಸ್ಟರ್ ಜಂಪರ್, ಇರುವುದು ಮುಚ್ಚಳದ ಒಳಗೆ, ಅದನ್ನು ತೆರೆದು ಹೊಂದಿಸಿ ಎಂದು ನಿಮ್ಮ ಕೈಪಿಡಿಯ ಮೂರನೆಯ ಪುಟವೇ ಹೇಳುತ್ತದೆ. ಎರಡು, ಆಡಿಯೋ ಟ್ರ್ಯಾಕ್ ನುಡಿಸುವ ಸೌಲಭ್ಯ ಇನ್ನೂ ಪ್ರಯೋಗದ ಹಂತದಲ್ಲಿದೆ ಎಂಬುದು. ಈ ಮಾತು ನಾನು ಕೊಂಡ ದಿನದ ಮಾರಾಟದ ಪುಟದಲ್ಲಿ ಇರಲಿಲ್ಲ. "ಸಿಸ್ಟಮ್ 573: ಪೂರ್ಣ ಹೊಂದಾಣಿಕೆ" ಎಂದಷ್ಟೇ ಇತ್ತು, ಆ ಪುಟದ ಚಿತ್ರ ನನ್ನ ಬಳಿಯಿದೆ. ಸಾಧನದ ಹಿಂಭಾಗದಲ್ಲಿ ಆಡಿಯೋ ವೈರಿಗೆ ನಾಲ್ಕು ಪಿನ್ನಿನ ಜಾಗವನ್ನೂ ನೀವೇ ಕೊಟ್ಟಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಈ ಪತ್ರ ತಲುಪಿದ 30 ದಿನಗಳ ಒಳಗೆ, ಸರಿಯಾದ ಆಡಿಯೋ ಗಡಿಯಾರವಿರುವ ಸಾಧನವನ್ನು ನಿಮ್ಮ ಖರ್ಚಿನಲ್ಲಿ ಬದಲಾಯಿಸಿ ಕೊಡಿ, ಇಲ್ಲವೇ ಕೊರಿಯರ್ ಸೇರಿ ₹17,700 ಹಿಂದಿರುಗಿಸಿ. ಬದಲಿ ಸಾಧನ ಸಿಗುವುದಾದರೆ ನಾನು ಅದನ್ನೇ ಇಷ್ಟಪಡುತ್ತೇನೆ. ಯಾವುದನ್ನು ಆರಿಸಿಕೊಂಡರೂ, ಮಾರಾಟದ ಪುಟದಲ್ಲಿ ಹಾಡು ಸಿಡಿಯಿಂದಲೇ ನುಡಿಯುವ 573 ಆಟಗಳಿಗೆ ಸದ್ಯ ಇದು ಹೊಂದುವುದಿಲ್ಲ ಎಂದು ಸ್ಪಷ್ಟವಾಗಿ ಬರೆಯಿರಿ, ಈಗಾಗಲೇ ಕೊಂಡವರಿಗೂ ತಿಳಿಸಿ. ತಮ್ಮ ಪೆಡಲೋ ಸ್ಪೀಕರೋ ಕೆಟ್ಟಿದೆಯೆಂದು ಯಂತ್ರವನ್ನೇ ಬಿಚ್ಚಿ ಕೂತವರು ಅವರಲ್ಲಿ ಇದ್ದಾರು.

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ಬೆಂಗಳೂರಿನಲ್ಲಿರುವ ನನ್ನ ಅಣ್ಣ ಕಾಗದಪತ್ರ ನೋಡಿಕೊಳ್ಳಲು ಒಪ್ಪಿದ್ದಾರೆ. ಹಾಗೆ ಮಾಡುವ ಮನಸ್ಸು ನನಗಿಲ್ಲ.

ಹೊಸ ಫರ್ಮ್‌ವೇರೋ ಹೊಸ ಬೋರ್ಡೋ ತಯಾರಾದರೆ ಪರೀಕ್ಷೆಗೆ ನಮ್ಮ ಯಂತ್ರ ಸಿದ್ಧವಿದೆ. ನಾದದ ಟ್ರ್ಯಾಕ್, ಕೌಂಟರಿನ ಫೋಟೋಗಳು, ಆಜ್ಞೆ ಮತ್ತು ಧ್ವನಿಯ ನಡುವಿನ ವಿಳಂಬದ ದಾಖಲೆ, ಮಾರಾಟದ ಪುಟದ ಚಿತ್ರ, ಇನ್‌ವಾಯ್ಸ್ ಎಲ್ಲವನ್ನೂ ಇದರೊಂದಿಗೆ ಮತ್ತೊಮ್ಮೆ ಲಗತ್ತಿಸಿದ್ದೇನೆ. ವಿನ್ಯಾಸಕಾರರು ನೇರವಾಗಿ ಬರೆದರೆ ಅದೇ ದಿನ ಉತ್ತರಿಸುತ್ತೇನೆ.

ಇತಿ,
ತಮ್ಮ ವಿಶ್ವಾಸಿ,
ಕವಾಗುಚಿಯ ನಿಮ್ಮ ಗ್ರಾಹಕ