ಅಹಾಕಿಸ್ಟಾದಿಂದ ಬಂದ ಮೇಲೆ ಅಪ್ಪನಿಗೆ

ಕಾರ್ಕ್, ಐರ್ಲೆಂಡ್
ಸೆಪ್ಟೆಂಬರ್ 14

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರಗಳು.

ದಿನಾ ಫೋನಿನಲ್ಲಿ ಮಾತನಾಡುವವಳು ಇದೇಕೆ ಕಾಗದ ಬರೆದಳು ಎಂದು ಗಾಬರಿಯಾಗಬೇಡಿ. ನಾನು ಚೆನ್ನಾಗಿದ್ದೇನೆ. ಈ ವಿಷಯವನ್ನು ಫೋನಿನಲ್ಲಿ ಎತ್ತಿದರೆ ನೀವು "ತಾಳು, ಅಮ್ಮನಿಗೆ ಕೊಡುತ್ತೇನೆ" ಎಂದು ಎದ್ದುಬಿಡುತ್ತೀರಿ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ವಾರ್ಡಿನಲ್ಲಿ ಹಿರಿಯ ನರ್ಸ್ ಒಬ್ಬರಿದ್ದಾರೆ. ಬರುವ ವರ್ಷ ನಿವೃತ್ತಿ. ನಾನು ಭಾರತದವಳೆಂದು ಮೊದಲ ದಿನದಿಂದಲೂ ನನ್ನ ಮೇಲೆ ವಿಶೇಷ ಅಕ್ಕರೆ. ಅದರ ಕಾರಣ ಮೊನ್ನೆ ತಿಳಿಯಿತು. ರಾತ್ರಿ ಪಾಳಿ ಮುಗಿದು ಇಬ್ಬರಿಗೂ ಎರಡು ದಿನ ರಜೆಯಿತ್ತು. "ನಿನಗೊಂದು ಜಾಗ ತೋರಿಸಬೇಕು" ಎಂದು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು.

ಕಾರ್ಕ್‌ನಿಂದ ಪಶ್ಚಿಮಕ್ಕೆ ಎರಡು ಗಂಟೆಯ ಹತ್ತಿರ ಹತ್ತಿರ ದಾರಿ. ಬ್ಯಾಂಟ್ರಿಯ ಆಚೆ ರಸ್ತೆ ಇಕ್ಕಟ್ಟಾಗುತ್ತದೆ. ಎರಡೂ ಕಡೆಯ ಬೇಲಿಗಳಲ್ಲಿ ಜುಮುಕಿಯಂತೆ ತೂಗುವ ಕೆಂಪು ಹೂವು, ಫ್ಯೂಷಿಯಾ ಎನ್ನುತ್ತಾರೆ. ಶೀಪ್ಸ್ ಹೆಡ್ ಎಂಬ ಉದ್ದನೆಯ ಭೂಶಿರದ ಮೇಲೆ, ಡನ್ಮ್ಯಾನಸ್ ಕೊಲ್ಲಿಯ ದಡದಲ್ಲಿ ಅಹಾಕಿಸ್ಟಾ ಎಂಬ ಪುಟ್ಟ ಊರು. ಅಲ್ಲಿ ಕಡಲಿನ ಪಕ್ಕದಲ್ಲಿ ಒಂದು ಕಲ್ಲಿನ ಗೋಡೆ, ಅದರೆದುರು ನೆರಳಿನಿಂದ ಹೊತ್ತು ತೋರಿಸುವ ಕಲ್ಲಿನ ಗಡಿಯಾರ. ಗೋಡೆಯ ಮೇಲೆ ಹೆಸರುಗಳು. ಹತ್ತಿರ ಹೋಗಿ ಓದಿದೆ. ಎಲ್ಲ ನಮ್ಮ ಹೆಸರುಗಳು, ಅಪ್ಪ. ಇಷ್ಟು ದೂರದ ದಡದಲ್ಲಿ, ಕುರಿ ಮೇಯುವ ಗುಡ್ಡದ ಕೆಳಗೆ, ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಕೇಳಿದಂಥ ಹೆಸರುಗಳು.

ಕನಿಷ್ಕ ವಿಮಾನದ ಕಥೆ ನಿಮಗೆ ನೆನಪಿರಬಹುದು. 1985ರ ಜೂನ್ 23. ಕೆನಡಾದಿಂದ ಲಂಡನ್ ಮೂಲಕ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾದ 182ನೇ ವಿಮಾನ. ಐರ್ಲೆಂಡಿನ ಸಮಯ ಬೆಳಿಗ್ಗೆ 8 ಗಂಟೆ 14 ನಿಮಿಷಕ್ಕೆ, ಇಲ್ಲಿನ ಕಡಲಿನ ಮೇಲೆ 31,000 ಅಡಿ ಎತ್ತರದಲ್ಲಿ ಬಾಂಬು ಸಿಡಿಯಿತು. 329 ಜನ, ಒಬ್ಬರೂ ಉಳಿಯಲಿಲ್ಲ. ಬೇಸಿಗೆ ರಜೆಗೆ ಅಜ್ಜನ ಮನೆಗೆ ಹೊರಟಿದ್ದ ಮಕ್ಕಳೇ ಎಂಬತ್ತಕ್ಕೂ ಹೆಚ್ಚು. ಗೋಡೆಯ ಮೇಲೆ ಒಂದೇ ಮನೆತನದ ಹೆಸರು ಮತ್ತೆ ಮತ್ತೆ ಬರುವಾಗ ಅವರು ತಾಯಿ ಮಕ್ಕಳೇ ಇರಬೇಕು ಎಂದುಕೊಂಡು ಮುಂದೆ ಓದಲಾಗಲಿಲ್ಲ.

ವ್ಯಾಂಕೂವರ್‌ನಲ್ಲಿ ಸೂಟ್‌ಕೇಸ್ ಒಪ್ಪಿಸಿದವನು ವಿಮಾನ ಹತ್ತಲೇ ಇಲ್ಲ. ಸೂಟ್‌ಕೇಸ್ ಮಾತ್ರ ಹೋಯಿತು. ಅದೇ ದಿನ ಜಪಾನಿನ ನರಿತಾ ನಿಲ್ದಾಣದಲ್ಲಿ ಇಂಥದ್ದೇ ಇನ್ನೊಂದು ಸಾಮಾನು ಸಿಡಿದು ಇಬ್ಬರು ಕೆಲಸಗಾರರು ಸತ್ತರು. ಇಷ್ಟೆಲ್ಲ ಆಗಿ ಶಿಕ್ಷೆಯಾದದ್ದು ಒಬ್ಬನಿಗೆ. ಉಳಿದ ಇಬ್ಬರು ಆರೋಪಿಗಳು 2005ರಲ್ಲಿ ಖುಲಾಸೆಯಾದರು. ಸತ್ತವರಲ್ಲಿ 268 ಮಂದಿ ಕೆನಡಾದ ಪ್ರಜೆಗಳು. ಆದರೂ ಆ ದೇಶದ ಪ್ರಧಾನಿ ಸಂತಾಪ ಹೇಳಲು ಫೋನ್ ಮಾಡಿದ್ದು ರಾಜೀವ್ ಗಾಂಧಿಯವರಿಗೆ. ತನ್ನದೇ ಜನ ಎಂದು ಒಪ್ಪಿ ಕ್ಷಮೆ ಕೇಳಲು ಕೆನಡಾ ಸರ್ಕಾರಕ್ಕೆ 25 ವರ್ಷ ಬೇಕಾಯಿತು. ಇದನ್ನು ಬರೆಯುವಾಗ ಈಗಲೂ ಕೈ ಬಿಸಿಯಾಗುತ್ತಿದೆ.

ಐರ್ಲೆಂಡಿನ ಜನಕ್ಕೆ ಅವರು ಯಾರೂ ಆಗಿರಲಿಲ್ಲ. ಆದರೂ ಹಡಗುಗಳು ಹೋದವು, ನೌಕಾಪಡೆಯ ಹುಡುಗರು ಅಲೆಗಳ ನಡುವೆ ಒಂದೊಂದೇ ದೇಹವನ್ನು ಎತ್ತಿದರು. 131 ದೇಹಗಳು ಸಿಕ್ಕವು. ಅವನ್ನು ತಂದದ್ದು ನಾನು ಈಗ ಕೆಲಸ ಮಾಡುವ ಇದೇ ಆಸ್ಪತ್ರೆಗೆ. ನಮ್ಮ ಹಿರಿಯ ನರ್ಸ್ ಆಗ ತರಬೇತಿಯಲ್ಲಿದ್ದ ಇಪ್ಪತ್ತರ ಹುಡುಗಿ. ಅವರನ್ನು ಒಂದು ಕುಟುಂಬದ ಜೊತೆ ಇರಲು ಹೇಳಿದರಂತೆ. ಮಗಳನ್ನೂ ಮೊಮ್ಮಕ್ಕಳನ್ನೂ ಹುಡುಕಿಕೊಂಡು ಭಾರತದಿಂದ ಬಂದ ಒಬ್ಬ ತಾಯಿ. ಹತ್ತಿಯ ಸೀರೆ, ಕಾಲಿಗೆ ಚಪ್ಪಲಿ. ಇಲ್ಲಿನ ಜೂನ್ ನಮ್ಮ ಜೂನ್ ಅಲ್ಲ, ಚಳಿ ಇರುತ್ತದೆ. ಆ ತಾಯಿ ನಡುಗುತ್ತಿದ್ದರೂ ತನಗೆ ಚಳಿಯಾಗುತ್ತಿದೆ ಎಂಬುದೇ ಆಕೆಗೆ ಗೊತ್ತಿರಲಿಲ್ಲವಂತೆ. ಇವರು ತಮ್ಮ ಸ್ವೆಟರ್ ಬಿಚ್ಚಿ ತೊಡಿಸಿದರು. ಭಾಷೆ ಬಾರದು, ಹೇಳಲು ಮಾತೂ ಇಲ್ಲ. ನಾಲ್ಕು ದಿನ ಪಕ್ಕದಲ್ಲಿ ಕೂತರು, ಅಷ್ಟೇ. ಸ್ವೆಟರ್ ಆ ತಾಯಿಯ ಜೊತೆಯಲ್ಲೇ ಹೋಯಿತು.

ಆ ಮಾತು ಕೇಳಿದ ಕೂಡಲೇ ನನಗೆ ನಮ್ಮ ಮನೆಯ ಚಾದರಗಳು ನೆನಪಾದವು.

2010ರ ಮೇ 22, ಶನಿವಾರ. ನನಗೆ ರಜೆ, ಇನ್ನೂ ಹಾಸಿಗೆಯಲ್ಲೇ ಇದ್ದೆ. ನಮ್ಮ ಮಂಗಳೂರು ವಿಮಾನ ನಿಲ್ದಾಣದ ಹತ್ತಿರ, ಕೆಂಜಾರಿನ ಕಡೆ ಹೊಗೆ ಎದ್ದಿದೆ ಎಂದು ನೀವು ಓಡಿದ್ದು ಗೊತ್ತು. ಸ್ವಲ್ಪ ಹೊತ್ತಿನಲ್ಲಿ ಮರಳಿ ಬಂದು, ಅಂಗಳದಿಂದಲೇ ಅಮ್ಮನಿಗೆ "ಚಾದರ ಕೊಡು, ಇದ್ದಷ್ಟೂ ಕೊಡು" ಎಂದು ಕೂಗಿದಿರಿ. ಅಮ್ಮ ಕಪಾಟಿನಲ್ಲಿ ನೆಂಟರಿಗೆಂದು ಮಡಚಿಟ್ಟಿದ್ದ ಹೊಸ ಚಾದರಗಳನ್ನೂ ಸೇರಿಸಿ ಕೊಟ್ಟರು. ಮಧ್ಯಾಹ್ನ ಕಳೆದು ಬಂದು ಬಾವಿಕಟ್ಟೆಯಲ್ಲಿ ಕೊಡದ ಮೇಲೆ ಕೊಡ ಸುರಿದುಕೊಂಡಿರಿ. ನಾನು ಬೈರಾಸು ಹಿಡಿದು ನಿಂತಿದ್ದೆ, ನೀವು ನನ್ನ ಮುಖ ನೋಡಲಿಲ್ಲ. ಎರಡು ದಿನ ಗಂಜಿಯೂ ಸೇರಲಿಲ್ಲ. ಬಿದ್ದದ್ದು ದುಬೈಯಿಂದ ಬಂದ ವಿಮಾನ, ಸತ್ತವರು 158, ಉಳಿದವರು ಎಂಟು ಮಂದಿ ಎಂದು ನಾನು ತಿಳಿದದ್ದು ಪತ್ರಿಕೆಯಿಂದ. ನಿಮ್ಮಿಂದ ಒಂದು ಮಾತೂ ಕೇಳಲಿಲ್ಲ. ಅಪ್ಪ ಯಾಕೆ ಏನೂ ಹೇಳುವುದಿಲ್ಲ ಎಂದು ಆಗ ನನಗೆ ನಿಮ್ಮ ಮೇಲೆ ಸಿಟ್ಟಿತ್ತು. ಈಗ ಆ ಸಿಟ್ಟಿಗೆ ಕ್ಷಮೆ ಕೇಳುತ್ತೇನೆ. ನಾನೂ ಈಗ ಮೃತದೇಹಗಳನ್ನು ಒರೆಸಿ, ಬಟ್ಟೆ ಸರಿಪಡಿಸಿ ಮನೆಯವರಿಗೆ ಒಪ್ಪಿಸುವವಳು. ಮನೆಗೆ ಬಂದು ಅದನ್ನು ಯಾರಿಗೂ ಹೇಳಲಾಗುವುದಿಲ್ಲ.

ಅಹಾಕಿಸ್ಟಾದಲ್ಲಿ ದುರಂತದ ಮೊದಲ ವರ್ಷಾಂತದ ದಿನವೇ, 1986ರಲ್ಲಿ, ಆ ಸ್ಮಾರಕವನ್ನು ಅರ್ಪಿಸಿದರು. ಅಂದಿನಿಂದ ಪ್ರತಿ ಜೂನ್ 23ರ ಬೆಳಿಗ್ಗೆ ಸತ್ತವರ ಮನೆಯವರೂ ಊರಿನವರೂ ಸೇರುತ್ತಾರೆ, ವಿಮಾನ ಬಿದ್ದ ಹೊತ್ತಿಗೆ ಮೌನವಾಗಿ ನಿಲ್ಲುತ್ತಾರೆ. ಅಲ್ಲಿನ ಶಾಲೆಯ ಮಕ್ಕಳು ಹಾಡುತ್ತಾರೆ. ಆ ಮಕ್ಕಳ ಅಪ್ಪ ಅಮ್ಮಂದಿರಲ್ಲಿಯೂ ಹಲವರು ಆಗ ಹುಟ್ಟಿರಲಿಲ್ಲ. ನಾವು ಹೋದ ದಿನ ಯಾರೂ ಇರಲಿಲ್ಲ. ಗಿಡಗಳ ಬುಡದಲ್ಲಿ ಒಂದು ಕಳೆಯೂ ಇರಲಿಲ್ಲ, ಯಾರೋ ಆಗಾಗ ಬಂದು ಕೀಳುತ್ತಾರೆ. ಮೋಡ ಸರಿದಾಗ ಕಲ್ಲಿನ ಮೇಲೆ ನೆರಳು ಮೂಡುತ್ತಿತ್ತು, ಮತ್ತೆ ಅಳಿಸಿಹೋಗುತ್ತಿತ್ತು. ನಾನು ಬೇಲಿಯ ಹೂವನ್ನೇ ಕೊಯ್ದು ಗೋಡೆಯ ಕೆಳಗೆ ಇಟ್ಟೆ. ನಮ್ಮ ನರ್ಸ್ ಸ್ವಲ್ಪ ದೂರ ನಿಂತು ಕಡಲನ್ನೇ ನೋಡುತ್ತಿದ್ದರು. ಪ್ರತಿ ಸಲವೂ ಇಲ್ಲಿ ಬಂದಾಗ ಆ ತಾಯಿ ಬದುಕಿದ್ದಾರೋ ಇಲ್ಲವೋ ಎಂದು ಯೋಚಿಸುತ್ತೇನೆ ಎಂದರು. ನಾನು ಅವರಿಗೆ ನಿಮ್ಮ ಬಗ್ಗೆ ಹೇಳಿದೆ. ನಿಮಗೆ ಇಷ್ಟವಾಗದೇನೋ, ಆದರೆ ಹೇಳಿದೆ. ನಿಮ್ಮ ಅಪ್ಪನಿಗೆ ನನ್ನ ವಂದನೆ ತಿಳಿಸು ಎಂದಿದ್ದಾರೆ. ಈ ಕಾಗದ ಬರೆಯಲು ಅದೂ ಒಂದು ಕಾರಣ.

ಕೂಳೂರಿನ ತಣ್ಣೀರುಬಾವಿ ರಸ್ತೆಯಲ್ಲಿ, ಫಲ್ಗುಣಿ ನದಿಯ ದಡದಲ್ಲಿ, ನಮ್ಮೂರಿನ ಆ ದುರಂತದಲ್ಲಿ ಸತ್ತು ಗುರುತು ಸಿಗದ 12 ಮಂದಿಯನ್ನು ಮಣ್ಣು ಮಾಡಿದ ಜಾಗವಿದೆಯಲ್ಲ, ಅಲ್ಲಿಯೂ ಸ್ಮಾರಕವಿದೆ. ಪಣಂಬೂರಿಗೆ ಎಷ್ಟೋ ಸಲ ಹೋಗಿದ್ದೇವೆ, ಅಲ್ಲಿಗೆ ಒಮ್ಮೆಯೂ ಹೋಗಲಿಲ್ಲ. ಡಿಸೆಂಬರಿನಲ್ಲಿ ನಾನು ಬಂದಾಗ ಒಂದು ಬೆಳಿಗ್ಗೆ ಹೋಗೋಣ. ನೀವು ಏನೂ ಹೇಳಬೇಕಾಗಿಲ್ಲ, ನಾನೂ ಕೇಳುವುದಿಲ್ಲ. ಅಮ್ಮನೂ ಬರಲಿ. ಆ ಚಾದರಗಳು ಅವರವು.

ರಜೆ ಮೂರು ವಾರ ಸಿಕ್ಕಿದೆ. ಟಿಕೆಟ್ ಆದ ಕೂಡಲೇ ಫೋನ್ ಮಾಡುತ್ತೇನೆ. ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡಿ.

ನಿಮ್ಮ ಮಗಳು